ಫೆವಿಕಾಲ್‌ಗೆ ನೀರು ಬೆರೆಸಿದರೆ ಅಂಟು ಕೆಡುತ್ತದೆಯೇ? ಮಾದರಿ ರೈಲಿಗೆ ಮಣ್ಣು, ಹುಲ್ಲು, ಜಲ್ಲಿ ಅಂಟಿಸುವ ವಿಧಾನ ಮತ್ತು ಅದರ ಸುತ್ತಲಿನ ತಪ್ಪು ಸಲಹೆಗಳು

ಶಾಲೆಯ ವಿಜ್ಞಾನ ವಸ್ತು ಪ್ರದರ್ಶನ ಹತ್ತಿರ ಬಂತೆಂದರೆ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ಥರ್ಮಾಕೋಲ್ ಬೆಟ್ಟಕ್ಕೆ ಹಸಿರು ಹಚ್ಚುವುದು ಹೇಗೆ, ಮರದ ಪುಡಿ ಉದುರದಂತೆ ಮಾಡುವುದು ಹೇಗೆ, ರೈಲು ಹಳಿಯ ಪಕ್ಕಕ್ಕೆ ಜಲ್ಲಿ ಕೂರಿಸುವುದು ಹೇಗೆ ಎಂದು ಒಬ್ಬರು ಕೇಳಿದರೆ ಹತ್ತು ವಿಡಿಯೋಗಳು ಬಂದು ಬೀಳುತ್ತವೆ. ಅವುಗಳಲ್ಲಿ ಕೆಲವು ಸರಿ, ಕೆಲವು ಅರ್ಧ ಸರಿ. ಇನ್ನು ಕೆಲವು ಮಕ್ಕಳ ಕೈ ಸುಡುವಂಥವು. ಯಾವುದು ಯಾವುದು ಎಂದು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಬಿಳಿ ಅಂಟಿಗೆ ನೀರು ಬೆರೆಸಿದರೆ ಅಂಟು ಕೆಡುವುದಿಲ್ಲ. ಪುಡಿ, ಮಣ್ಣು, ಜಲ್ಲಿ ಅಂಟಿಸಲು ನೀರು ಬೆರೆಸಲೇಬೇಕು.
- ಆ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಅಂಟು ಪುಡಿಯ ಒಳಕ್ಕೆ ಇಳಿಯುತ್ತದೆ.
- ಪೆಟ್ರೋಲ್‌ನಲ್ಲಿ ಥರ್ಮಾಕೋಲ್ ಕರಗಿಸಿ ಅಂಟು ಮಾಡುವುದು, ಹತ್ತಿಯ ಮೇಲೆ ಸೂಪರ್ ಗ್ಲೂ ಸುರಿಯುವುದು, ಸೊಳ್ಳೆ ಬ್ಯಾಟ್ ಬಿಚ್ಚಿ ಹುಲ್ಲು ನಿಲ್ಲಿಸುವ ಯಂತ್ರ ಮಾಡುವುದು, ಈ ಮೂರೂ ಅಪಾಯಕಾರಿ.
- ಅಭಯಾರಣ್ಯದಿಂದ ಪಾಚಿ, ಕಲ್ಲು, ಗಿಡ ತರುವುದು ಕಾನೂನಿಗೆ ವಿರುದ್ಧ. ಬೇಕಾದ ವಸ್ತುವೆಲ್ಲ ಮನೆಯಲ್ಲೇ, ಹಿತ್ತಲಲ್ಲೇ ಸಿಗುತ್ತದೆ.

ರೈಲೇ ಇಲ್ಲದ ಊರಿಗೆ ಮಾದರಿ ರೈಲು

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಇವತ್ತಿಗೂ ರೈಲು ನಿಲ್ದಾಣವಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟವರು ರೈಲಿನಲ್ಲಿ ಬಂದರೆ ಮೈಸೂರಿನಲ್ಲೋ ಚಾಮರಾಜನಗರದಲ್ಲೋ ಇಳಿದು ಬಸ್ ಹಿಡಿಯಬೇಕು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೂಲಕ ಚಾಮರಾಜನಗರಕ್ಕೆ ಹಳಿ ಹಾಕುವ ಮಾತು ದಶಕಗಳಿಂದ ಕೇಳಿಬರುತ್ತಿದೆ. ನಿಜವಾದ ರೈಲು ಬರುವ ತನಕ ಮಕ್ಕಳು ಅದನ್ನು ಪ್ಲೈವುಡ್ ಹಲಗೆಯ ಮೇಲೆ ಓಡಿಸಿ ನೋಡಬಹುದು. ಒಂದು ಬದಿಗೆ ಬೆಟ್ಟಸಾಲು, ಕೆಳಗೆ ಬಯಲು, ಬಯಲಿನಲ್ಲಿ ಒಂದು ಪುಟ್ಟ ನಿಲ್ದಾಣ. ಈ ಲೇಖನದ ಉದಾಹರಣೆಗಳಿಗೆ ನಾವು ಇಂಥ ಮಾದರಿಯನ್ನೇ ತೆಗೆದುಕೊಂಡಿದ್ದೇವೆ. ರೈಲಿಲ್ಲದೆ ಬರೀ ಬೆಟ್ಟದ ಮಾದರಿ ಮಾಡುವವರಿಗೂ ಇದೇ ವಿಧಾನ ಸಾಕು.

ನಿಜವಾದ ಹಳೆಯ ಎಂಜಿನ್‌ಗಳನ್ನು ಮಕ್ಕಳಿಗೆ ತೋರಿಸಬೇಕೆಂದರೆ 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತು ಸಂಗ್ರಹಾಲಯ ಹತ್ತಿರದಲ್ಲೇ ಇದೆ. ಪುಣೆಯ ಜೋಶಿ ಅವರ ಕಿರು ರೈಲು ಸಂಗ್ರಹಾಲಯದಲ್ಲಿ ಊರು, ಬೆಟ್ಟ, ಹುಲ್ಲು ಸಮೇತ ಓಡುವ ಮಾದರಿ ರೈಲುಗಳನ್ನು ನೋಡಬಹುದು.

ಮೊದಲು ಅಳತೆ, ಆಮೇಲೆ ಅಂಟು

ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗಳು ಎರಡು. ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಎನ್ ಅಳತೆಯಲ್ಲಿ 160ರಲ್ಲಿ ಒಂದು ಪಾಲು. ಈ ಲೆಕ್ಕ ತಲೆಯಲ್ಲಿದ್ದರೆ ಯಾವ ಪುಡಿ ಎಷ್ಟು ನುಣುಪಾಗಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮಹದೇಶ್ವರ ಬೆಟ್ಟದ ದೀಪದ ಗಿರಿ ಒಡ್ಡಿನಲ್ಲಿರುವ ಮಾದಪ್ಪನ ಪ್ರತಿಮೆಯ ಎತ್ತರ 108 ಅಡಿ, ಅಂದರೆ ಸುಮಾರು 33 ಮೀಟರ್. ಎಚ್‌ಒ ಅಳತೆಯಲ್ಲಿ ಅದು ಸುಮಾರು 38 ಸೆಂಟಿಮೀಟರ್ ಆಗುತ್ತದೆ, ಎನ್ ಅಳತೆಯಲ್ಲಿ ಸುಮಾರು 21 ಸೆಂಟಿಮೀಟರ್. 3 ಮೀಟರ್ ಎತ್ತರದ ಆನೆ ಎಚ್‌ಒದಲ್ಲಿ ಮೂರೂವರೆ ಸೆಂಟಿಮೀಟರ್‌ಗೆ ಇಳಿಯುತ್ತದೆ. ಮೊಣಕಾಲುದ್ದದ, ಅಂದರೆ 50 ಸೆಂಟಿಮೀಟರ್ ಹುಲ್ಲು 6 ಮಿಲಿಮೀಟರ್ ಆಗುತ್ತದೆ. ಇದೇ ಲೆಕ್ಕದಲ್ಲಿ 300 ಮೀಟರ್ ಏರುವ ಬೆಟ್ಟ ಮೂರೂವರೆ ಮೀಟರ್ ಎತ್ತರವಾಗಬೇಕು! ಅಷ್ಟು ಜಾಗ ಯಾವ ಶಾಲೆಯಲ್ಲೂ ಇರುವುದಿಲ್ಲ. ಆದ್ದರಿಂದ ಬೆಟ್ಟವನ್ನು ಕುಗ್ಗಿಸಿ ಮಾಡಿ, ನೆಲದ ಮೇಲಿನ ಹುಲ್ಲು, ಕಲ್ಲು, ಜಲ್ಲಿಗಳನ್ನು ಮಾತ್ರ ಅಳತೆಗೆ ಸರಿಯಾಗಿ ಇಡುತ್ತಾರೆ. ಕಣ್ಣು ಬೆಟ್ಟದ ಎತ್ತರವನ್ನು ಕ್ಷಮಿಸುತ್ತದೆ. ಆದರೆ ಆನೆಯ ಕಾಲ ಬಳಿ ಆನೆಯ ತಲೆಯಷ್ಟು ದಪ್ಪದ ಮರಳಿನ ಕಾಳು ಬಿದ್ದಿದ್ದರೆ ಅದನ್ನು ಕ್ಷಮಿಸುವುದಿಲ್ಲ.

ಬಿಳಿ ಅಂಟು ಹಿಡಿಯುವುದು ಹೇಗೆ?

ನಾವು ಸಾಮಾನ್ಯವಾಗಿ ಫೆವಿಕಾಲ್ ಎಂದು ಕರೆಯುವ ಬಿಳಿ ಅಂಟಿನ ಮೂಲವಸ್ತು ಪಾಲಿವಿನೈಲ್ ಅಸಿಟೇಟ್. ಚಿಕ್ಕದಾಗಿ ಪಿವಿಎ. ಇದನ್ನು 1912ರಲ್ಲಿ ಜರ್ಮನಿಯ ಫ್ರಿಟ್ಸ್ ಕ್ಲಾಟೆ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದರು. ಅಂಟಿನ ಡಬ್ಬಿಯಲ್ಲಿ ಈ ಪ್ಲಾಸ್ಟಿಕ್ ಕರಗಿದ ಸ್ಥಿತಿಯಲ್ಲಿ ಇರುವುದಿಲ್ಲ. ಹಾಲಿನಲ್ಲಿ ಕೊಬ್ಬಿನ ಕಣಗಳು ತೇಲುವ ಹಾಗೆ ಅತಿ ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಹಾಲು ಬೆಳ್ಳಗಿರುವುದಕ್ಕೂ ಅಂಟು ಬೆಳ್ಳಗಿರುವುದಕ್ಕೂ ಕಾರಣ ಒಂದೇ. ಆ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ.

ಅಂಟನ್ನು ಬಳಿದ ಮೇಲೆ ನೀರು ಆವಿಯಾಗುತ್ತಾ ಹೋಗುತ್ತದೆ. ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದು ಒಂದೇ ಪೊರೆಯಾಗುತ್ತವೆ. ಬೆಳಕು ಚದುರಿಸಲು ಬಿಡಿ ಕಣಗಳು ಉಳಿಯದ ಕಾರಣ ಪೊರೆ ಪಾರದರ್ಶಕವಾಗುತ್ತದೆ. ಹೀಗಾಗಿ ಬಿಳಿ ಅಂಟು ಒಣಗಿದ ಮೇಲೆ ಮಾದರಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅಂಟು ಇನ್ನೂ ಬೆಳ್ಳಗೆ ಕಾಣುತ್ತಿದೆ ಎಂದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ.

ಸಲಹೆ 1: “ನೀರು ಬೆರೆಸಬೇಡಿ, ಅಂಟಿನ ಶಕ್ತಿ ಹೋಗುತ್ತದೆ”

ಇದು ಬಡಗಿಗೆ ಸರಿ, ಮಾದರಿ ಮಾಡುವವರಿಗೆ ತಪ್ಪು.

ಎರಡು ಹಲಗೆಗಳನ್ನು ಜೋಡಿಸುವಾಗ ಅಂಟು ಎರಡರ ನಡುವೆ ನಿಂತು ಭಾರ ಹೊರಬೇಕು. ಅಲ್ಲಿ ನೀರು ಹೆಚ್ಚಾದರೆ ಜೋಡಣೆ ಸಡಿಲವಾಗುತ್ತದೆ. ಆದರೆ ಮರದ ಪುಡಿಯ ಒಂದು ಕಣ ಎಷ್ಟು ಭಾರ ಇದ್ದೀತು? ಅದನ್ನು ಹಿಡಿದಿಡಲು ತೆಳುವಾದ ಪೊರೆ ಸಾಕು. ಅಲ್ಲಿನ ಕಷ್ಟವೇ ಬೇರೆ. ಗಟ್ಟಿ ಅಂಟು ಪುಡಿಯ ಮೇಲ್ಭಾಗದಲ್ಲೇ ನಿಂತು ಚರ್ಮದಂಥ ಪದರ ಕಟ್ಟುತ್ತದೆ. ಕೆಳಗಿನ ಪುಡಿ ಒಣಗಿಯೇ ಇರುತ್ತದೆ. ನಾಲ್ಕು ದಿನ ಕಳೆದ ಮೇಲೆ ಇಡೀ ಪದರ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಡಬ್ಬಿಯ ಬಿಳಿ ಅಂಟಿನಲ್ಲಿ ಸರಿಸುಮಾರು ಅರ್ಧದಷ್ಟು ಮೊದಲೇ ನೀರಿರುತ್ತದೆ. ನಾವು ಇನ್ನಷ್ಟು ನೀರು ಬೆರೆಸಿದರೆ ಕಣಗಳ ನಡುವಿನ ದೂರ ಹೆಚ್ಚುತ್ತದೆ, ಅಷ್ಟೇ. ನೀರು ಆರಿದ ಮೇಲೆ ಅವು ಮತ್ತೆ ಬೆಸೆದುಕೊಳ್ಳುತ್ತವೆ. ಅನುಪಾತ ಹೀಗಿರಲಿ:

- ಹಲಗೆ ಅಥವಾ ಥರ್ಮಾಕೋಲ್ ಮೇಲೆ ಬಳಿಯುವ ಮೊದಲ ಪದರಕ್ಕೆ: ಗಟ್ಟಿ ಅಂಟು, ಬ್ರಷ್ ಓಡುವಷ್ಟು ಮಾತ್ರ ನೀರು.
- ಹಳಿಯ ಜಲ್ಲಿಗೆ: ಒಂದು ಪಾಲು ಅಂಟು, ಒಂದರಿಂದ ಎರಡು ಪಾಲು ನೀರು.
- ಮಣ್ಣು, ಮರದ ಪುಡಿಯ ಮೇಲೆ ಹಾಕಲು: ಒಂದು ಪಾಲು ಅಂಟು, ಎರಡರಿಂದ ಮೂರು ಪಾಲು ನೀರು.

ಸಲಹೆ 2: “ಒಂದು ಹನಿ ಸೋಪು ಹಾಕಿ”

ಇದು ನಿಜ. ಕಾರಣ ತಿಳಿದರೆ ವಸ್ತು ಪ್ರದರ್ಶನದಲ್ಲಿ ತೀರ್ಪುಗಾರರ ಪ್ರಶ್ನೆಗೆ ಒಳ್ಳೆಯ ಉತ್ತರವೂ ಆಗುತ್ತದೆ.

ಒಣ ರಾಗಿ ಹಿಟ್ಟಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ನೀರು ತಕ್ಷಣ ಇಳಿಯುವುದಿಲ್ಲ. ಮುತ್ತಿನ ಹಾಗೆ ದುಂಡಗೆ ನಿಂತು, ಹಿಟ್ಟನ್ನು ಮೈಗೆ ಮೆತ್ತಿಕೊಂಡು ಉರುಳುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಎಳೆದುಕೊಳ್ಳುವುದರಿಂದ ಅದರ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಸೋಪಿನ ಅಣುಗಳು ನೀರಿನ ಮೇಲ್ಮೈಗೆ ಬಂದು ಸೇರಿಕೊಂಡರೆ ಈ ಬಿಗಿತ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ನೀರು ಹರಡಿಕೊಂಡು ಕಣಗಳ ನಡುವಿನ ಸಂದುಗಳಿಗೆ ನುಗ್ಗುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಪುಡಿಯ ರಾಶಿ ಅಂಟಿನ ನೀರನ್ನು ಕೆಳತನಕ ಹೀರಿಕೊಳ್ಳುತ್ತದೆ.

ಸೋಪು ಜಾಸ್ತಿ ಹಾಕಿದರೆ ನೊರೆ ಬಂದು, ಒಣಗಿದ ಮೇಲೆ ಗುಳ್ಳೆಗಳ ಗುರುತು ಉಳಿಯುತ್ತದೆ. ಒಂದು ಲೋಟ ಮಿಶ್ರಣಕ್ಕೆ ಎರಡು ಹನಿ ಸಾಕು. ಅಲ್ಲಾಡಿಸದೆ ನಿಧಾನವಾಗಿ ಕಲಸಿ.

ನೆಲಕ್ಕೆ ಏನು ಬಳಸಬೇಕು?

ಮಹದೇಶ್ವರ ಬೆಟ್ಟದ ಕಾಡಿನ ಬಹುಭಾಗ ಎಲೆ ಉದುರಿಸುವ ಒಣ ಕಾಡು. ಮಳೆಗಾಲ ಕಳೆದ ಕೆಲವೇ ತಿಂಗಳಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ನಡುನಡುವೆ ಕೆಮ್ಮಣ್ಣು, ಬೂದುಬಣ್ಣದ ಬಂಡೆ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಗಿಳಿಹಸಿರು ಪುಡಿಯನ್ನು ಇಡೀ ಬೆಟ್ಟಕ್ಕೆ ಸುರಿದರೆ ಅದು ಮಾದಪ್ಪನ ಬೆಟ್ಟವಾಗಿ ಕಾಣುವುದಿಲ್ಲ, ಕ್ರಿಕೆಟ್ ಮೈದಾನವಾಗಿ ಕಾಣುತ್ತದೆ.

ಮಣ್ಣು: ಹಿತ್ತಲಿನ ಕೆಮ್ಮಣ್ಣು ಚೆನ್ನಾಗಿ ಒಪ್ಪುತ್ತದೆ. ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಮೊದಲು ಹಿಟ್ಟಿನ ಜರಡಿಯಲ್ಲಿ, ಆಮೇಲೆ ಹಳೆಯ ನೈಲಾನ್ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಓಡುವ ರೈಲು ಇದ್ದರೆ ಇನ್ನೊಂದು ಕೆಲಸ ತಪ್ಪಿಸಬೇಡಿ. ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಮಣ್ಣಿನಲ್ಲಿ ನಾಲ್ಕು ಸಲ ಆಡಿಸಿ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಅಂಶವಿರುವ ಕಪ್ಪು ಕಣಗಳು ಇರುತ್ತವೆ. ರೈಲಿನ ಮೋಟಾರಿನಲ್ಲಿರುವ ಅಯಸ್ಕಾಂತ ಆ ಕಣಗಳನ್ನು ಸೆಳೆದುಕೊಂಡರೆ ಮೋಟಾರು ಕಿರಿಕಿರಿ ಮಾಡಿ ನಿಂತುಹೋಗುತ್ತದೆ.

ಮರದ ಪುಡಿ: ಸಾಮಿಲ್‌ನಲ್ಲಿ ಸಿಗುತ್ತದೆ. ನುಣುಪಾದದ್ದನ್ನು ಜರಡಿ ಹಿಡಿದು, ಪೋಸ್ಟರ್ ಬಣ್ಣವನ್ನು ನೀರಿನಲ್ಲಿ ಕಲಸಿ ಅದರಲ್ಲಿ ನೆನೆಸಿ, ಕಾಗದದ ಮೇಲೆ ಹರಡಿ ಒಣಗಿಸಿ. ಒಂದೇ ಹಸಿರು ಬೇಡ. ಹಸಿರು, ಹಳದಿ, ಕಂದು, ಹೀಗೆ ಮೂರು ಬಣ್ಣ ಮಾಡಿಟ್ಟುಕೊಂಡು ಬೆರೆಸಿ. ಜರಡಿ ಹಿಡಿಯುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ. ಮರದ ಧೂಳನ್ನು ವರ್ಷಗಟ್ಟಲೆ ಉಸಿರಾಡುವ ಕೆಲಸಗಾರರಲ್ಲಿ ಅದು ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಗುರುತಿಸಿದೆ. ಒಂದು ದಿನದ ಕೆಲಸಕ್ಕೆ ಹೆದರಬೇಕಾಗಿಲ್ಲ, ಎಚ್ಚರ ಇದ್ದರೆ ಸಾಕು. ಆಸ್ತಮಾ ಇರುವ ಮಗುವಿಗೆ ಈ ಕೆಲಸ ಕೊಡಬೇಡಿ.

ಬಳಸಿದ ಟೀ ಪುಡಿ: ಕಾಡಿನ ನೆಲದ ತರಗೆಲೆಗೆ ಇದಕ್ಕಿಂತ ಅಗ್ಗದ ವಸ್ತು ಇಲ್ಲ. ಸಕ್ಕರೆ, ಹಾಲು ಹೋಗುವ ತನಕ ತೊಳೆದು, ಗರಿಗರಿಯಾಗುವಂತೆ ಒಣಗಿಸಬೇಕು. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ.

ಸೆಣಬಿನ ಹುರಿ, ತೆಂಗಿನ ನಾರು: 6ರಿಂದ 8 ಮಿಲಿಮೀಟರ್ ತುಂಡು ಮಾಡಿ ಅಂಟಿನಲ್ಲಿ ನಿಲ್ಲಿಸಿದರೆ ಒಣಹುಲ್ಲಿನ ಬುಡಗಳಾಗುತ್ತವೆ.

ಹಂತ ಹಂತವಾಗಿ

1. ಬೆಟ್ಟದ ಆಕಾರಕ್ಕೆ ಮೊದಲು ಮಣ್ಣಿನ ಬಣ್ಣ ಬಳಿದು ಒಣಗಿಸಿ. ಮುಂದೆ ಎಲ್ಲಾದರೂ ಪುಡಿ ಉದುರಿದರೂ ಬಿಳಿ ಥರ್ಮಾಕೋಲ್ ಇಣುಕುವುದಿಲ್ಲ.
2. ಅಂಗೈ ಅಗಲದ ಜಾಗಕ್ಕೆ ಮಾತ್ರ ಗಟ್ಟಿ ಅಂಟು ಬಳಿಯಿರಿ. ಇಡೀ ಬೆಟ್ಟಕ್ಕೆ ಒಮ್ಮೆಗೇ ಬಳಿದರೆ ಪುಡಿ ಹಾಕುವಷ್ಟರಲ್ಲಿ ಅರ್ಧ ಒಣಗಿರುತ್ತದೆ. ಬೇಸಿಗೆಯ ಹನೂರಿನ ಬಿಸಿಲಿನಲ್ಲಿ ಇನ್ನೂ ಬೇಗ.
3. ಟೀ ಸೋಸುವ ಜಾಲರಿಯಲ್ಲಿ ಮಣ್ಣನ್ನು ಉದುರಿಸಿ. ಅದರ ಮೇಲೆ ಅಲ್ಲಲ್ಲಿ ಮರದ ಪುಡಿ, ಟೀ ಪುಡಿ ಹಾಕಿ. ಕಡಿದಾದ ಇಳಿಜಾರಿನಲ್ಲಿ ಪುಡಿ ಜಾರಿದರೆ ಹಲಗೆಯನ್ನೇ ಓರೆಯಾಗಿಟ್ಟು ಆ ಭಾಗವನ್ನು ಸಮ ಮಾಡಿಕೊಳ್ಳಿ.
4. ಸೋಪಿನ ಹನಿ ಹಾಕಿದ ಬರೀ ನೀರನ್ನು ಸ್ಪ್ರೇ ಬಾಟಲಿಯಿಂದ ಮೇಲಿನಿಂದ ಮಂಜಿನ ಹಾಗೆ ಬೀಳಿಸಿ. ಹತ್ತಿರದಿಂದ ನೇರವಾಗಿ ಹೊಡೆದರೆ ಪುಡಿ ಹಾರಿಹೋಗುತ್ತದೆ.
5. ಪುಡಿ ಒದ್ದೆ ಇರುವಾಗಲೇ ನೀರು ಬೆರೆಸಿದ ಅಂಟನ್ನು ಇಂಕ್ ಫಿಲ್ಲರ್‌ನಿಂದ ಹನಿಹನಿಯಾಗಿ ಬಿಡಿ. ಹನಿ ತಾನಾಗಿ ಹರಡಿ ಇಳಿಯಬೇಕು. ಮೇಲೆ ಗುಂಡಾಗಿ ನಿಂತರೆ 4ನೇ ಹಂತ ಸಾಲದು ಎಂದರ್ಥ.
6. ರಾತ್ರಿಯಿಡೀ ನೆರಳಿನಲ್ಲಿ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಮೇಲ್ಪದರ ಮೊದಲು ಒಣಗಿ ಒಳಗಿನ ನೀರನ್ನು ಹಿಡಿದಿಡುತ್ತದೆ. ರಟ್ಟಿನ ಹಲಗೆಯಾದರೆ ಬಾಗುತ್ತದೆ ಕೂಡ.
7. ಒಣಗಿದ ಮೇಲೆ ಹಲಗೆ ಓರೆ ಮಾಡಿ ತಟ್ಟಿ. ಉದುರಿದ ಪುಡಿಯನ್ನು ಮತ್ತೆ ಬಳಸಬಹುದು. ಬರಿದಾದ ಕಡೆ ಅದೇ ಕ್ರಮದಲ್ಲಿ ಇನ್ನೊಂದು ಪದರ ಹಾಕಿ.

ಪ್ರದರ್ಶನಕ್ಕೆ ಕನಿಷ್ಠ ಮೂರು ದಿನ ಮೊದಲೇ ಈ ಕೆಲಸ ಮುಗಿಸಿ. ಅಕ್ಟೋಬರ್‌ನ ಮಳೆಯಲ್ಲಿ ಒಣಗಲು ಹೆಚ್ಚು ಹೊತ್ತು ಬೇಕು. ಸಾಮಾನ್ಯ ಬಿಳಿ ಅಂಟು ನೀರಿನಲ್ಲಿ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ಮಾದರಿಯನ್ನು ಬಸ್ಸಿನಲ್ಲೋ ಆಟೋದಲ್ಲೋ ಒಯ್ಯುವಾಗ ಪ್ಲಾಸ್ಟಿಕ್ ಹೊದಿಸಿ.

ಹಳಿಯ ಜಲ್ಲಿಗೆ ರವೆ ಆಗುತ್ತದೆಯೇ?

ಭಾರತೀಯ ರೈಲ್ವೆಯ ಹಳಿಗಳ ಕೆಳಗೆ ಹಾಕುವ ಜಲ್ಲಿಯ ಗಾತ್ರ ಸುಮಾರು 20ರಿಂದ 65 ಮಿಲಿಮೀಟರ್. ಅದು ರೈಲಿನ ಭಾರವನ್ನು ನೆಲಕ್ಕೆ ಹಂಚುತ್ತದೆ, ಸ್ಲೀಪರ್‌ಗಳು ಸರಿಯದಂತೆ ಹಿಡಿಯುತ್ತದೆ, ಮಳೆನೀರು ಬಸಿದು ಹೋಗಲು ದಾರಿ ಕೊಡುತ್ತದೆ. ಎಚ್‌ಒ ಅಳತೆಯಲ್ಲಿ ಅತಿ ದೊಡ್ಡ ಜಲ್ಲಿಕಲ್ಲು ಕೂಡ ಮುಕ್ಕಾಲು ಮಿಲಿಮೀಟರ್. ಅಂದರೆ ಹೆಚ್ಚುಕಡಿಮೆ ಉಪ್ಪಿಟ್ಟಿನ ರವೆಯ ಗಾತ್ರ.

ಗಾತ್ರ ಸರಿಯಾಯಿತು ಎಂದು ರವೆಯನ್ನೇ ಹಾಕಬೇಡಿ. ನೀರು ತಾಗಿದ ರವೆ ಉಬ್ಬುತ್ತದೆ. ಆಮೇಲೆ ಹುಳು ಬೀಳುತ್ತದೆ, ಹುಳುವಿನ ಹಿಂದೆ ಇರುವೆ, ಇಲಿ ಬರುತ್ತವೆ. ಜರಡಿ ಹಿಡಿದ ಕಲ್ಲುಪುಡಿ, ಅಂದರೆ ಎಂ-ಸ್ಯಾಂಡ್, ಬಣ್ಣದಲ್ಲೂ ಆಕಾರದಲ್ಲೂ ನಿಜವಾದ ಜಲ್ಲಿಗೆ ಹತ್ತಿರ. ಅದಕ್ಕೂ ಅಯಸ್ಕಾಂತದ ಪರೀಕ್ಷೆ ಮಾಡಿ.

ಜಲ್ಲಿಯನ್ನು ಚಮಚದಿಂದ ಹಾಕಿ ಮೆತ್ತನೆಯ ಬ್ರಷ್‌ನಿಂದ ಸ್ಲೀಪರ್‌ಗಳ ಮಟ್ಟಕ್ಕೆ ಸರಿಪಡಿಸಿ. ಆಮೇಲೆ 4 ಮತ್ತು 5ನೇ ಹಂತ. ಹಳಿಯ ಮೇಲ್ಭಾಗಕ್ಕೆ ಬಿದ್ದ ಅಂಟನ್ನು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ. ಮಾದರಿ ರೈಲಿಗೆ ವಿದ್ಯುತ್ ಬರುವುದು ಹಳಿಯಿಂದ ಚಕ್ರದ ಮೂಲಕ. ನಡುವೆ ಪ್ಲಾಸ್ಟಿಕ್ ಪೊರೆ ಕೂತರೆ ರೈಲು ಅಲ್ಲೇ ನಿಲ್ಲುತ್ತದೆ. ಹಳಿ ಕವಲೊಡೆಯುವ ಕಡೆ ಅಲ್ಲಾಡುವ ಭಾಗಗಳ ಹತ್ತಿರ ಅಂಟು ಬಿಡಲೇಬೇಡಿ. ಕೆಲಸ ಮಾಡುವಾಗ ವಿದ್ಯುತ್ ಸಂಪರ್ಕ ತೆಗೆದಿಡಿ.

ಸಲಹೆ 3: “ಸೊಳ್ಳೆ ಬ್ಯಾಟ್‌ನಿಂದ ಹುಲ್ಲು ನಿಲ್ಲಿಸಿ”

ಹುಲ್ಲು ನೆಟ್ಟಗೆ ನಿಂತಂತೆ ಕಾಣುವ ಮಾದರಿಗಳನ್ನು ನೀವು ವಿಡಿಯೋಗಳಲ್ಲಿ ನೋಡಿರಬಹುದು. ಅದರ ಹಿಂದಿನ ವಿಜ್ಞಾನ ನಿಜ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದು ನಮಗೆಲ್ಲ ಗೊತ್ತು. ಅದೇ ರೀತಿ ನೈಲಾನ್ ನಾರಿನ ಸಣ್ಣ ತುಂಡುಗಳಿಗೆ ಹೆಚ್ಚು ವೋಲ್ಟೇಜಿನ ಸ್ಥಿರ ವಿದ್ಯುತ್ ಕೊಟ್ಟರೆ ಅವು ಒಂದನ್ನೊಂದು ದೂರ ತಳ್ಳುತ್ತಾ, ಹಸಿ ಅಂಟಿನ ಕಡೆಗೆ ಹಾರಿ, ನೆಟ್ಟಗೆ ನಾಟಿಕೊಳ್ಳುತ್ತವೆ. ಇದಕ್ಕೆಂದೇ ತಯಾರಾದ ಉಪಕರಣಗಳಿವೆ.

ಆದರೆ ಸೊಳ್ಳೆ ಬ್ಯಾಟ್ ಬಿಚ್ಚಿ ಅದರ ಸರ್ಕ್ಯೂಟ್‌ನಿಂದ ಇದನ್ನು ಮಾಡಿಕೊಳ್ಳಿ ಎಂಬ ಸಲಹೆ ಮಕ್ಕಳಿಗೆ ಹೇಳುವಂಥದ್ದಲ್ಲ. ಬ್ಯಾಟ್‌ನ ಒಳಗಿನ ಕೆಪಾಸಿಟರ್ ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ಹೊರಗವಚ ಇಲ್ಲದೆ ಒದ್ದೆ ಕೈಯಲ್ಲಿ ಮುಟ್ಟಿದರೆ ಜೋರಾದ ಶಾಕ್ ಹೊಡೆಯುತ್ತದೆ. ಹೃದಯದ ತೊಂದರೆ ಇರುವವರಿಗೆ ಅದು ಇನ್ನೂ ಅಪಾಯ. ಶಾಲೆಯ ಮಾದರಿಗೆ ಸೆಣಬಿನ ತುಂಡು ಸಾಕು. ಅಂಟಿನಲ್ಲಿ ಅದ್ದಿ ನಿಲ್ಲಿಸಿ, ಒಣಗಿದ ಮೇಲೆ ತುದಿಯನ್ನು ಕತ್ತರಿಯಿಂದ ಸಮ ಮಾಡಿದರೆ ಹುಲ್ಲು ನಿಂತೇ ಇರುತ್ತದೆ.

ಸಲಹೆ 4: “ಪೆಟ್ರೋಲ್‌ನಲ್ಲಿ ಥರ್ಮಾಕೋಲ್ ಕರಗಿಸಿ, ಅಗ್ಗದ ಅಂಟು ರೆಡಿ”

ಇದನ್ನು ಯಾರೂ ಮಾಡಬೇಡಿ, ಯಾರಿಗೂ ಕಳಿಸಬೇಡಿ. ಥರ್ಮಾಕೋಲ್‌ನ ಹೆಚ್ಚಿನ ಪಾಲು ಬರೀ ಗಾಳಿ. ಉಳಿದದ್ದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಪೆಟ್ರೋಲ್, ಥಿನ್ನರ್, ಅಸಿಟೋನ್‌ನಲ್ಲಿ ಅದು ಕರಗಿ ಜಿಗುಟಾದ ಲೋಳೆಯಾಗುವುದು ನಿಜ. ಆದರೆ ಆ ಲೋಳೆಗೆ ಬೆಂಕಿ ತಾಗಿದರೆ ಅದು ಚರ್ಮಕ್ಕೆ ಅಂಟಿಕೊಂಡೇ ಉರಿಯುತ್ತದೆ, ಕೊಡವಿದರೂ ಹೋಗುವುದಿಲ್ಲ. ಪೆಟ್ರೋಲಿನ ಆವಿ ನೆಲದ ಮಟ್ಟದಲ್ಲಿ ಹರಡಿ ದೂರದ ಒಲೆಯ ಕಿಡಿಯನ್ನೂ ಹಿಡಿಯಬಲ್ಲದು.

ಇದೇ ಕಾರಣಕ್ಕೆ ಇನ್ನೊಂದು ವಿಷಯವೂ ಗೊತ್ತಿರಲಿ. ಸೈಕಲ್ ಟ್ಯೂಬಿಗೆ, ಚಪ್ಪಲಿಗೆ ಹಚ್ಚುವ ಘಾಟು ವಾಸನೆಯ ಅಂಟು ಮತ್ತು ಡಬ್ಬಿಯ ಸ್ಪ್ರೇ ಪೇಂಟ್ ಥರ್ಮಾಕೋಲ್ ಅನ್ನು ತಿಂದು ಹಾಕುತ್ತವೆ. ರಾತ್ರಿ ಕಟ್ಟಿದ ಬೆಟ್ಟ ಬೆಳಿಗ್ಗೆ ಗುಂಡಿಯಾಗಿರುತ್ತದೆ. ಥರ್ಮಾಕೋಲ್‌ಗೆ ನೀರಿನ ಆಧಾರದ ಬಿಳಿ ಅಂಟು ಮತ್ತು ಪೋಸ್ಟರ್ ಅಥವಾ ಅಕ್ರಿಲಿಕ್ ಬಣ್ಣ ಮಾತ್ರ ಬಳಸಿ.

ಸಲಹೆ 5: “ಸೂಪರ್ ಗ್ಲೂಗೆ ಅಡುಗೆ ಸೋಡಾ ಹಾಕಿದರೆ ಕಲ್ಲಾಗುತ್ತದೆ”

ಇದು ನಿಜ. ಆದರೆ ಅರ್ಧ ಮಾತ್ರ ಹೇಳಿದ ನಿಜ. ಸೂಪರ್ ಗ್ಲೂನ ಅಣುಗಳು ಸರಪಳಿಯಂತೆ ಕೂಡಿಕೊಂಡು ಗಟ್ಟಿಯಾಗುತ್ತವೆ. ಸೋಡಾದ ಕ್ಷಾರಗುಣ ಆ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ. ಜೊತೆಗೆ ಬಿಸಿಯೂ ಕಣ್ಣುರಿಸುವ ಆವಿಯೂ ಬರುತ್ತದೆ. ಹತ್ತಿ ಅಥವಾ ಹತ್ತಿ ಬಟ್ಟೆಯ ಮೇಲೆ ಸೂಪರ್ ಗ್ಲೂ ಚೆಲ್ಲಿದರೆ ಬಿಸಿ ಇನ್ನೂ ಹೆಚ್ಚು. ಚರ್ಮ ಸುಡುವಷ್ಟು ಆಗಬಹುದು. ಮೋಡ, ಜಲಪಾತ ಮಾಡಲು ಹತ್ತಿ ಬಳಸುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಬೆರಳು ಅಂಟಿಕೊಂಡರೆ ಎಳೆಯಬೇಡಿ. ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ. ಕಣ್ಣಿಗೆ ಬಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಸಲಹೆ 6: “ಅರಿಶಿನದಿಂದ ಪುಡಿಗೆ ಬಣ್ಣ ಕೊಡಿ, ಕೆಮಿಕಲ್ ಬೇಡ”

ಅರಿಶಿನಕ್ಕೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಆದರೆ ಒಣಹುಲ್ಲಿನ ಬಣ್ಣಕ್ಕೆ ಅದು ಎರಡು ಕಾರಣಕ್ಕೆ ಕೈಕೊಡುತ್ತದೆ. ಒಂದು, ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ. ಎರಡು, ಸುಣ್ಣ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಮನೆಯಲ್ಲಿ ಕುಂಕುಮ ಮಾಡುತ್ತಿದ್ದದ್ದೇ ಹಾಗೆ. ಬಟ್ಟೆ ಸೋಪಿನಲ್ಲೂ ಕ್ಷಾರ ಇರುವುದರಿಂದ ಸೋಪು ನೀರು ಸ್ಪ್ರೇ ಮಾಡಿದ ಕೂಡಲೇ ನಿಮ್ಮ ಹಳದಿ ಹುಲ್ಲು ಕೆಂಪಗಾಗಬಹುದು. ಅದನ್ನೇ ಬೇರೊಂದು ಪ್ರಯೋಗವಾಗಿ ತೋರಿಸಿ, ನೆಲಕ್ಕೆ ಮಾತ್ರ ಪೋಸ್ಟರ್ ಬಣ್ಣ ಹಾಕಿ.

ಸಲಹೆ 7: “ಪಾಚಿಯನ್ನು ಮೊಸರಿನಲ್ಲಿ ರುಬ್ಬಿ ಬಳಿದರೆ ಹಸಿರು ತಾನೇ ಬೆಳೆಯುತ್ತದೆ”

ಪಾಚಿ ಬದುಕಲು ಸದಾ ತೇವ ಮತ್ತು ಬೆಳಕು ಬೇಕು. ತರಗತಿಯ ಮೂಲೆಯ ಒಣ ಹಲಗೆಯ ಮೇಲೆ ಎರಡೂ ಇರುವುದಿಲ್ಲ. ಅಲ್ಲಿ ಬೆಳೆಯುವುದು ಮೊಸರಿನ ಮೇಲಿನ ಬೂಸ್ಟು, ಹರಡುವುದು ಹುಳಿ ವಾಸನೆ. ಮೈದಾ ಅಂಟಿನದೂ ಇದೇ ಕತೆ. ಕಾಗದ ಅಂಟಿಸಲು ಅದು ಒಳ್ಳೆಯದು, ಆದರೆ ದಪ್ಪ ಪದರವಾಗಿ ಹಾಕಿದರೆ ಬೂಸ್ಟು, ಜಿರಲೆ ಎರಡನ್ನೂ ಕರೆಯುತ್ತದೆ. ಕೆಡದಿರಲಿ ಎಂದು ಮೈದಾ ಅಂಟಿಗೆ ಮೈಲುತುತ್ತ ಹಾಕುವ ಹಳೆಯ ರೂಢಿ ಇದೆ. ಅದು ವಿಷ, ಮಕ್ಕಳ ಕೆಲಸದಲ್ಲಿ ಬೇಡ.

ಕಾಡಿನಿಂದ ನಾಲ್ಕು ಗಿಡ ತಂದರೆ ಏನಾಯಿತು?

“ಬೆಟ್ಟದ ಮಾದರಿಗೆ ಬೆಟ್ಟದ್ದೇ ಮಣ್ಣು, ಪಾಚಿ, ಕಲ್ಲು ತನ್ನಿ, ಅಸಲಿಯಾಗಿ ಕಾಣುತ್ತದೆ” ಎಂಬ ಸಲಹೆ ಕೇಳಲು ಚೆನ್ನಾಗಿದೆ. ಆದರೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡು 2013ರಿಂದ ವನ್ಯಜೀವಿಧಾಮ. ಯಳಂದೂರಿನ ಪಕ್ಕದ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಪ್ರಕಾರ ಅಭಯಾರಣ್ಯದಿಂದ ಅನುಮತಿ ಇಲ್ಲದೆ ಅರಣ್ಯ ಉತ್ಪನ್ನ ತೆಗೆಯುವಂತಿಲ್ಲ. ಕಾಡಿನಲ್ಲೇ ಬದುಕುವ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಇರುವ ಹಕ್ಕು ಬೇರೆ, ಪ್ರವಾಸಕ್ಕೆ ಹೋದ ನಮ್ಮದು ಬೇರೆ.

ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಮಾದರಿಯಲ್ಲಿ ಅಂಟು ಮಾಡುವ ಕೆಲಸವನ್ನು ನಿಜವಾದ ಬೆಟ್ಟದಲ್ಲಿ ಹುಲ್ಲಿನ ಬೇರು, ಪಾಚಿ, ತರಗೆಲೆ ಮಾಡುತ್ತವೆ. ಮಳೆಹನಿಯ ಹೊಡೆತವನ್ನು ಎಲೆ ತಡೆಯುತ್ತದೆ, ಮಣ್ಣಿನ ಕಣಗಳನ್ನು ಬೇರು ಹಿಡಿದಿಡುತ್ತದೆ. ಅಂಟು ಹಾಕದ ಪುಡಿಯ ಮೇಲೆ ಸ್ಪ್ರೇ ಹೊಡೆದಾಗ ಏನಾಗುತ್ತದೆ ಎಂದು 4ನೇ ಹಂತದಲ್ಲಿ ನೋಡಿದಿರಲ್ಲ, ಹೊದಿಕೆ ಕಳೆದುಕೊಂಡ ಇಳಿಜಾರಿನಲ್ಲಿ ಜೋರು ಮಳೆ ಬಂದಾಗ ಆಗುವುದೂ ಅದೇ. ವಸ್ತು ಪ್ರದರ್ಶನದಲ್ಲಿ ಇದನ್ನೇ ಪ್ರಯೋಗವಾಗಿ ತೋರಿಸಬಹುದು. ಒಂದೇ ಓರೆಯ ಎರಡು ತಟ್ಟೆಗಳಲ್ಲಿ ಒಂದೇ ಮಣ್ಣು ಹಾಕಿ. ಒಂದರಲ್ಲಿ ಎರಡು ವಾರ ಮೊದಲೇ ರಾಗಿ ಬಿತ್ತಿ ಪೈರು ಬರಿಸಿ, ಇನ್ನೊಂದು ಬರಿದಾಗಿರಲಿ. ಎರಡರ ಮೇಲೂ ಅಷ್ಟಷ್ಟೇ ನೀರು ಹುಯ್ದು, ಕೆಳಗೆ ಇಟ್ಟ ಲೋಟಗಳಲ್ಲಿ ಯಾವ ನೀರು ಹೆಚ್ಚು ಕೆಂಪಗಿದೆ ನೋಡಿ.

ಮರಗಳಿಗೆ ರೆಂಬೆ ಬೇಕಾದರೆ ಹೊಲದ ಬೇಲಿಯ ಲಂಟಾನ ಕಡ್ಡಿ ಬಳಸಿ. ಅಮೆರಿಕ ಖಂಡದಿಂದ ಬಂದ ಈ ಗಿಡ ಮಹದೇಶ್ವರ ಬೆಟ್ಟದ ಕಾಡನ್ನೂ ಆವರಿಸಿಕೊಂಡಿದೆ. ಅಲ್ಲಿನ ಕುಶಲಕರ್ಮಿಗಳು ಏಟ್ರೀ ಸಂಸ್ಥೆಯ ನೆರವಿನಲ್ಲಿ ಅದರಿಂದಲೇ ಕುರ್ಚಿ, ಬುಟ್ಟಿ, ಆಟಿಕೆ ಮಾಡುತ್ತಾರೆ. ಹಣ್ಣು ಇರುವ ಕಡ್ಡಿ ತರಬೇಡಿ, ಬೀಜ ಹೊಸ ಜಾಗಕ್ಕೆ ಹರಡುತ್ತದೆ. ಎಲೆಯನ್ನು ದನಕರು ತಿನ್ನದಂತೆ ನೋಡಿಕೊಳ್ಳಿ, ಅದು ಅವುಗಳ ಯಕೃತ್ತಿಗೆ ವಿಷ. ಒಣಗಿದ ಪಾರ್ಥೇನಿಯಂ ಗಿಡ ಪುಟ್ಟ ಮರದಂತೆ ಚೆನ್ನಾಗಿ ಕಾಣುವುದು ನಿಜ. ಆದರೆ ಅದು ಹಲವರಲ್ಲಿ ಚರ್ಮದ ತುರಿಕೆ, ಉಸಿರಾಟದ ಅಲರ್ಜಿ ತರುತ್ತದೆ. ತರಗತಿಯೊಳಗೆ ಅದನ್ನು ತರಲೇಬೇಡಿ.

ಏನಾದರೂ ಎಡವಟ್ಟಾದರೆ

- ಒಣಗಿದ ಮೇಲೂ ಬಿಳಿ ಕಲೆ ಉಳಿದಿದೆ: ಅಂಟು ಒಂದೇ ಕಡೆ ನಿಂತಿದೆ ಅಥವಾ ಒಳಗೆ ತೇವವಿದೆ. ಇನ್ನೊಂದು ದಿನ ಬಿಡಿ. ಆಗಲೂ ಹೋಗದಿದ್ದರೆ ಮೇಲೆ ತೆಳುವಾಗಿ ಪುಡಿ ಅಂಟಿಸಿ.
- ಮುಟ್ಟಿದರೆ ಪುಡಿ ಉದುರುತ್ತದೆ: ಅಂಟು ಒಳಗೆ ಇಳಿದಿಲ್ಲ. ಸೋಪು ನೀರು ಸ್ಪ್ರೇ ಮಾಡಿ ಮತ್ತೊಮ್ಮೆ ಅಂಟು ಹನಿಸಿ.
- ಹಪ್ಪಳದಂತೆ ಎದ್ದಿದೆ: ಎದ್ದ ಭಾಗ ಕಿತ್ತು, ಕೆಳಗಿನ ಧೂಳು ಒರೆಸಿ, ಗಟ್ಟಿ ಅಂಟಿನಿಂದ ಮೊದಲ ಪದರ ಮತ್ತೆ ಹಾಕಿ.
- ಹಳಿ ತಪ್ಪು ಜಾಗದಲ್ಲಿ ಕೂತಿದೆ: ನೀರು ಸ್ಪ್ರೇ ಮಾಡಿ ಅರ್ಧ ಗಂಟೆ ಬಿಡಿ. ಅಂಟು ಮೆತ್ತಗಾಗುತ್ತದೆ, ಚಪ್ಪಟೆ ಚಾಕುವಿನಿಂದ ನಿಧಾನವಾಗಿ ಎಬ್ಬಿಸಬಹುದು.

ಫಾರ್ವರ್ಡ್ ಮಾಡುವ ಮುನ್ನ

ಅಂಟಿನ ಬಗ್ಗೆ ಸಲಹೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಬೆಂಕಿ ಹಿಡಿಯುತ್ತದೆಯೇ? ಇದರ ಆವಿ ಅಥವಾ ಧೂಳು ಮಗುವಿನ ಮೂಗು, ಕಣ್ಣಿಗೆ ಹೋಗುತ್ತದೆಯೇ? ವಿಡಿಯೋದಲ್ಲಿ ಒಣಗುವ ತನಕ, ಆಮೇಲೆ ಒಂದು ವಾರದ ನಂತರ ಹೇಗಿತ್ತು ಎಂದು ತೋರಿಸಿದ್ದಾರೆಯೇ? ಮೊದಲ ಎರಡರಲ್ಲಿ ಒಂದಕ್ಕಾದರೂ “ಹೌದು” ಎಂಬ ಉತ್ತರ ಬಂದರೆ ಆ ಸಲಹೆಯನ್ನು ಅಲ್ಲಿಗೇ ನಿಲ್ಲಿಸಿ. ಮೂರನೆಯದಕ್ಕೆ “ಇಲ್ಲ” ಎಂದಾದರೆ ಒಂದು ಹಳೆಯ ರಟ್ಟಿನ ಚೂರಿನ ಮೇಲೆ ನೀವೇ ಮೊದಲು ಪರೀಕ್ಷಿಸಿ ನೋಡಿ. ಅರ್ಧ ಡಬ್ಬಿ ಬಿಳಿ ಅಂಟು, ಒಂದು ಲೋಟ ನೀರು, ಎರಡು ಹನಿ ಸೋಪು, ಹಿತ್ತಲಿನ ಒಂದು ಬೊಗಸೆ ಮಣ್ಣು ಇಷ್ಟಿದ್ದರೆ ಸಾಕು. ನಮ್ಮ ಬೆಟ್ಟದ ಬುಡದಲ್ಲಿ ಒಂದು ಪುಟ್ಟ ರೈಲು ಓಡಿಸಲು ಇದಕ್ಕಿಂತ ಹೆಚ್ಚಿನದೇನೂ ಬೇಡ.